ಬೆಳಕಿಗಾಗಿ ಬಾಗಿದ ಗೋಡೆಗಳು

ವೆಜ್ಲೇ ಚರ್ಚಿನ ನಡುಹಜಾರದ ಗೋಡೆಗಳು ನೆಟ್ಟಗಿಲ್ಲ. ಪಶ್ಚಿಮದ ಬಾಗಿಲಲ್ಲಿ ನಿಂತು ಬಲಿಪೀಠದ ಕಡೆಗೆ ನೋಡಿದರೆ ಮೊದಲು ಕಣ್ಣು ಹೋಗುವುದು ತಲೆಯ ಮೇಲೆ ಒಂದರ ಹಿಂದೊಂದು ಸಾಲುಗಟ್ಟಿದ ಕಮಾನುಗಳತ್ತ. ಒಂದು ಕಲ್ಲು ಬೆಳ್ಳಗೆ, ಪಕ್ಕದ್ದು ಕಂದು, ಅದರಾಚೆಯದು ಮತ್ತೆ ಬೆಳ್ಳಗೆ. ಈ ಪಟ್ಟೆಗಳ ಸೊಗಸಿನಿಂದ ಕಣ್ಣು ಬಿಡಿಸಿಕೊಂಡು, ಕಂಬಗಳ ಅಂಚನ್ನು ಬುಡದಿಂದ ಮೇಲಕ್ಕೆ ನೋಡುತ್ತ ಹೋದರೆ ಅವು ಏರಿದಂತೆಲ್ಲ ಹೊರಕ್ಕೆ ವಾಲಿರುವುದು ತಿಳಿಯುತ್ತದೆ. ಎಡಗೋಡೆ ಎಡಕ್ಕೆ, ಬಲಗೋಡೆ ಬಲಕ್ಕೆ. ಎರಡು ಹಲಗೆಗಳ ನಡುವೆ ತುಂಬಿದ ಗೋಣಿಚೀಲವನ್ನು ತುರುಕಿದರೆ ಹಲಗೆಗಳು ಬಾಯಿಬಿಡುವಂತೆ.

ಕಟ್ಟಡಗಳ ಚರಿತ್ರೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಹೇಳಿ ಶಿಲ್ಪಗಳ ಕಡೆಗೆ ಹೋಗಿಬಿಡುತ್ತಾರೆ. ನನಗೆ ಮಾತ್ರ ಈ ಚರ್ಚಿನ ಮೇಲೆ ಪ್ರೀತಿ ಹುಟ್ಟಿದ್ದೇ ಈ ವಾಲಿಕೆಯಿಂದ. ಕಲ್ಲಿನ ಛಾವಣಿಯ ಕೆಳಗೆ ಬೆಳಕು ತರಬೇಕೆಂದು ಹೊರಟ ಕುಶಲಕರ್ಮಿಗಳು, ಕಟ್ಟಡದ ಬಲಾಬಲವನ್ನು ಲೆಕ್ಕ ಹಾಕುವ ವಿದ್ಯೆ ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಎಷ್ಟು ದೂರ ಹೋದರು ಮತ್ತು ಎಲ್ಲಿ ಎಡವಿದರು ಎಂಬುದನ್ನು ಆ ಗೋಡೆಗಳು ಬರೆದಿಟ್ಟುಕೊಂಡಿವೆ.

ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಒಂದು ಗುಡ್ಡ. ಗುಡ್ಡದ ಬೆನ್ನೇರಿ ಹೋಗುವ ಬೀದಿ ಮುಗಿಯುವಲ್ಲಿ, ನೆತ್ತಿಯ ಮೇಲೆ, ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ಹೆಸರಿನ ಈ ಚರ್ಚು. 9ನೇ ಶತಮಾನದಲ್ಲಿ ಗಿರಾರ್ ದ ರೂಸಿಯೋನ್ ಎಂಬ ಸಾಮಂತ ಕೆಳಗಿನ ಕಣಿವೆಯಲ್ಲಿ ಸನ್ಯಾಸಿನಿಯರಿಗಾಗಿ ಮಠ ಕಟ್ಟಿಸಿದ್ದ. ಉತ್ತರದಿಂದ ಬಂದ ದಾಳಿಕೋರರು ಅದನ್ನು ಹಾಳುಗೆಡವಿದ ಮೇಲೆ ಮಠ ಗುಡ್ಡ ಹತ್ತಿತು, ಬೆನೆಡಿಕ್ಟ್ ಪಂಥದ ಸನ್ಯಾಸಿಗಳ ಕೈಗೆ ಬಂತು. 11ನೇ ಶತಮಾನದ ನಡುಭಾಗದಲ್ಲಿ, ಮಗ್ದಲದ ಮರಿಯಳ ಅಸ್ಥಿಗಳು ತಮ್ಮಲ್ಲಿವೆಯೆಂದು ಮಠ ಸಾರಿತು. ಆಮೇಲೆ ಯಾತ್ರಿಕರ ಪ್ರವಾಹ. ಸ್ಪೇನಿನ ಸಾಂತಿಯಾಗೊಗೆ ಫ್ರಾನ್ಸಿನಿಂದ ಹೊರಡುತ್ತಿದ್ದ ನಾಲ್ಕು ಯಾತ್ರಾಮಾರ್ಗಗಳಲ್ಲಿ ಒಂದು ಇಲ್ಲಿಂದಲೇ ಶುರುವಾಗುತ್ತಿತ್ತು.

ಜನ ಬಂದಂತೆ ಜಾಗ ಸಾಲದಾಯಿತು. ಮಠಾಧಿಪತಿ ಆರ್ತೋ 1096ರಲ್ಲಿ ಪೂರ್ವದ ಭಾಗವನ್ನು ಹೊಸದಾಗಿ ಕಟ್ಟಿಸಲು ಶುರುಮಾಡಿದ. 1104ರಲ್ಲಿ ಅದು ಪ್ರತಿಷ್ಠೆಯಾಯಿತು. ಕಟ್ಟೋಣದ ಖರ್ಚಿಗೆ ಊರವರ ಮೇಲೆ ಬಿದ್ದ ತೆರಿಗೆಯ ಭಾರಕ್ಕೆ ಜನ ರೊಚ್ಚಿಗೆದ್ದರು, 1106ರಲ್ಲಿ ಆರ್ತೋನ ಕೊಲೆಯೇ ನಡೆದುಹೋಯಿತು. ಹದಿನಾಲ್ಕು ವರ್ಷಗಳ ನಂತರ ಇನ್ನೂ ದೊಡ್ಡ ದುರಂತ. ಮರಿಯಳ ಹಬ್ಬ ಜುಲೈ 22ಕ್ಕೆ. 1120ರಲ್ಲಿ ಅದರ ಹಿಂದಿನ ರಾತ್ರಿ, ಯಾತ್ರಿಕರು ಕಿಕ್ಕಿರಿದಿದ್ದಾಗ, ಮರದ ಮಾಡಿನ ಹಳೆಯ ಹಜಾರಕ್ಕೆ ಬೆಂಕಿ ಬಿತ್ತು. ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ವೃತ್ತಾಂತಗಳು ಹೇಳುತ್ತವೆ. ಆ ಬೂದಿಯ ಮೇಲೆ ಎದ್ದಿದ್ದೇ ಈಗ ನಾವು ನೋಡುವ ಹಜಾರ. ಮಾಡು ಇನ್ನು ಮರದ್ದಾಗಬಾರದು, ಕಲ್ಲಿನದಾಗಬೇಕು ಎಂಬ ಹಟಕ್ಕೆ ಆ ರಾತ್ರಿಗಿಂತ ಬೇರೆ ಕಾರಣ ಬೇಕಿರಲಿಲ್ಲ.

ಈ ಬಗೆಯ ಕಟ್ಟಡಗಳಿಗೆ ರೋಮನೆಸ್ಕ್ ಎಂಬ ಹೆಸರು ಬಿದ್ದದ್ದು ಬಹಳ ತಡವಾಗಿ, 1818ರ ಆಸುಪಾಸಿನಲ್ಲಿ. ಅರ್ಧವೃತ್ತದ ಕಮಾನು, ದಪ್ಪ ಗೋಡೆ, ಕಲ್ಲಿನ ಛಾವಣಿ ಎಲ್ಲವೂ ಹಳೆಯ ರೋಮನ್ನರನ್ನು ನೆನಪಿಸುತ್ತಿದ್ದುದರಿಂದ ವಿದ್ವಾಂಸರು ಕೊಟ್ಟ ಹೆಸರು ಅದು. ಕಟ್ಟಿದವರಿಗೆ ಅದು ಗೊತ್ತಿರಲಿಲ್ಲ. ಅವರ ಮಟ್ಟಿಗೆ ತಾವು ಕಟ್ಟುತ್ತಿದ್ದುದು ಹೊಚ್ಚಹೊಸದು.

ಅವರ ಮುಂದಿದ್ದ ಸಮಸ್ಯೆ ಏನೆಂದು ತಿಳಿಯಲು ಒಂದು ಪೋಸ್ಟ್‌ಕಾರ್ಡ್ ಸಾಕು. ಈ ಅಧ್ಯಾಯ ಬರೆಯಲು ಕುಳಿತಾಗ ನಾನೂ ಮೇಜಿನ ಮೇಲೆ ಮಾಡಿ ನೋಡಿದೆ. ಕಾರ್ಡನ್ನು ಕಮಾನಿನಂತೆ ಬಗ್ಗಿಸಿ ಅದರ ಎರಡು ಅಂಚನ್ನೂ ಮೇಜಿಗೆ ತಾಗಿಸಿ ನಿಲ್ಲಿಸಿ. ಕೈ ಬಿಟ್ಟೊಡನೆ ಅದು ಅಗಲಿ ಮಲಗಿಬಿಡುತ್ತದೆ. ಎರಡೂ ಕಡೆ ಒಂದೊಂದು ಪುಸ್ತಕ ಒತ್ತಿಟ್ಟರೆ ನಿಲ್ಲುತ್ತದೆ. ಈಗ ಕಾರ್ಡಿನ ನೆತ್ತಿಯನ್ನು ಬೆರಳಿನಿಂದ ಮೆಲ್ಲಗೆ ಅದುಮಿ. ಅದುಮಿದ್ದು ಕೆಳಕ್ಕೆ, ಆದರೆ ಜರುಗಿದ್ದು ಪಕ್ಕದ ಪುಸ್ತಕಗಳು. ನನ್ನ ಮೇಜಿನಲ್ಲಿ ತೆಳ್ಳನೆಯ ಪುಸ್ತಕ ಜಾರಿಹೋಯಿತು, ನಿಘಂಟು ಕದಲಲಿಲ್ಲ.

ಕಮಾನಿನ ಗುಟ್ಟೆಲ್ಲ ಇಷ್ಟೇ. ಕಂಬದ ಮೇಲಿಟ್ಟ ತೊಲೆ ತನ್ನ ಭಾರವನ್ನು ನೇರ ಕೆಳಕ್ಕೆ ಇಳಿಸುತ್ತದೆ. ಕಮಾನು ಕೆಳಕ್ಕೂ ಇಳಿಸುತ್ತದೆ, ಪಕ್ಕಕ್ಕೂ ತಳ್ಳುತ್ತದೆ. ಹಗಲು ರಾತ್ರಿಯೆನ್ನದೆ, ಶತಮಾನಗಳ ಕಾಲ ತಳ್ಳುತ್ತಲೇ ಇರುತ್ತದೆ. ಗೋಡೆ ನಿಘಂಟಿನಂತೆ ಭಾರವಾಗಿದ್ದರೆ ಸರಿ. ಅಲ್ಲದಿದ್ದರೆ ಹೊರಗಿನಿಂದ ಯಾರಾದರೂ ಒತ್ತಿ ಹಿಡಿಯಬೇಕು.

ಕಮಾನನ್ನೇ ಉದ್ದಕ್ಕೆ ಎಳೆದರೆ ಅರ್ಧ ಸೀಳಿದ ಕೊಳವೆಯಂಥ ಛಾವಣಿ ಸಿಗುತ್ತದೆ. ಆ ಕಾಲದ ಚರ್ಚುಗಳಲ್ಲಿ ಬಹಳಷ್ಟಕ್ಕೆ ಇದೇ ಛಾವಣಿ. ಆದರೆ ಇದು ಗೋಡೆಯನ್ನು ಉದ್ದಕ್ಕೂ, ಒಂದು ಗೇಣೂ ಬಿಡದೆ ತಳ್ಳುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಕಿಟಕಿ ಕೊರೆದರೆ ಎಲ್ಲಿ ಬಲ ಬೇಕೋ ಅಲ್ಲೇ ಟೊಳ್ಳು ಮಾಡಿದಂತೆ. ಆದ್ದರಿಂದ ಇಂಥ ಚರ್ಚುಗಳ ನಡುಹಜಾರ ಹೆಚ್ಚಾಗಿ ಮಬ್ಬು. ಬರ್ಗಂಡಿಯಲ್ಲೇ ಇದ್ದ ಕ್ಲೂನಿಯ ಮಹಾಮಠ ಬೇರೆ ಹಾದಿ ಹಿಡಿಯಿತು. 1088ರಲ್ಲಿ ಶುರುವಾದ ಅದರ ಚರ್ಚಿನ ಕೊಳವೆ ಛಾವಣಿಗೆ ಮೊನಚು ನೆತ್ತಿ. ಕಮಾನು ಮೊನಚಾದಷ್ಟೂ ಪಕ್ಕದ ತಳ್ಳು ಕಡಿಮೆ. ಆ ಧೈರ್ಯದ ಮೇಲೆ ಸುಮಾರು 30 ಮೀಟರ್ ಎತ್ತರಕ್ಕೆ ಏರಿಸಿ, ಕೆಳಗೆ ಕಿಟಕಿಯನ್ನೂ ತೆರೆದರು. 1125ರಲ್ಲಿ ಅದರ ಒಂದು ಭಾಗ ಕುಸಿಯಿತು.

ವೆಜ್ಲೇಯ ಕುಶಲಕರ್ಮಿಗಳು ಯೋಚಿಸಿದ ಬಗೆಯೇ ಬೇರೆ. ಉದ್ದುದ್ದ ಹೋಗುವ ಕೊಳವೆಯನ್ನು ಅಡ್ಡಡ್ಡ ಹೋಗುವ ಇನ್ನೊಂದು ಕೊಳವೆ ಹಾಯ್ದರೆ ಏನಾಗುತ್ತದೆ? ಎರಡೂ ಸೇರುವಲ್ಲಿ ಮೂಲೆಯಿಂದ ಮೂಲೆಗೆ ಎರಡು ಏಣುಗಳು ಮೂಡುತ್ತವೆ. ಭಾರ ಈ ಏಣುಗಳ ಗುಂಟ ಹರಿದು ನಾಲ್ಕು ಮೂಲೆಗಳಿಗೆ ಬಂದು ಸೇರುತ್ತದೆ. ಮೂಲೆಗಳಲ್ಲಿ ಕಂಬ. ಕಂಬಗಳ ನಡುವಿನ ಗೋಡೆಗೆ ಆಗ ಹೊರುವ ಕೆಲಸ ಅಷ್ಟಾಗಿ ಇರುವುದಿಲ್ಲ; ಅಲ್ಲಿ ಕಿಟಕಿ ತೆರೆಯಬಹುದು. ರೋಮನ್ನರು ಸ್ನಾನಗೃಹಗಳಲ್ಲಿ ಇದನ್ನು ಕಾಂಕ್ರೀಟಿನಲ್ಲಿ ಮಾಡಿದ್ದರು. ಇಲ್ಲಿ ಅದನ್ನು ಕಲ್ಲು ಗಾರೆಯಲ್ಲಿ, ಸುಮಾರು 62 ಮೀಟರ್ ಉದ್ದದ, 18 ಮೀಟರಿಗೂ ಮಿಕ್ಕಿ ಎತ್ತರದ ಹಜಾರದ ಮೇಲೆ, ಹತ್ತು ಅಂಕಣಗಳಲ್ಲಿ ಮಾಡಲು ಹೊರಟರು. ಕೆಳಗೆ ಕಮಾನುಸಾಲು, ಅದರ ಮೇಲೆ ನೇರವಾಗಿ ಕಿಟಕಿ. ನಡುವೆ ಭಾರ ತಡೆಯುವ ಇನ್ನೊಂದು ಅಂತಸ್ತು ಇಲ್ಲ. ಆ ಕಾಲಕ್ಕೆ ಇದು ಎಂಥ ಎದೆಗಾರಿಕೆ ಎಂದು ನಾನು ಈಗಲೂ ಬೆರಗಾಗುತ್ತೇನೆ.

ಅವರು ಎಡವಿದ್ದು ಒಂದೇ ಕಡೆ. ತಳ್ಳು ಇಲ್ಲವಾಗಿರಲಿಲ್ಲ, ಒಂದೆಡೆ ಸೇರಿಕೊಂಡಿತ್ತು. ಕಂಬದ ಮೇಲ್ತುದಿಯಲ್ಲಿ ಅದನ್ನು ಎದುರಿಸಿ ಹಿಡಿಯುವ ಬಲವಾದ ಆಸರೆ ಹೊರಗೆ ಬೇಕಿತ್ತು. ಪಕ್ಕದ ಹಜಾರಗಳ ಮಾಡು ತಗ್ಗಿನಲ್ಲಿತ್ತು, ಗೋಡೆಗೆ ಅಂಟಿಸಿದ ಆಸರೆಗಲ್ಲು ಸಾಲಲಿಲ್ಲ. ಕಟ್ಟುವವರಿಗೆ ಅಳುಕು ಇಲ್ಲದಿರಲಿಲ್ಲ. ಗೋಡೆಗಳು ಅಗಲದಂತೆ ಕಬ್ಬಿಣದ ಕಟ್ಟುಗಳನ್ನೂ ಬಳಸಿದ್ದರು. ಆದರೂ ಸೆಂಟ್ರಿಂಗ್ ಬಿಚ್ಚಿದ ಕ್ಷಣದಿಂದ ಕಮಾನುಗಳು ಗೋಡೆಯನ್ನು ತಳ್ಳತೊಡಗಿದವು. ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ನಿಧಾನವಾಗಿ ಗಟ್ಟಿಯಾಗುವ ವಸ್ತು. ದಪ್ಪ ಗೋಡೆಯ ಒಡಲಲ್ಲಿ ಅದಕ್ಕೆ ವರ್ಷಗಟ್ಟಲೆ ಬೇಕು. ಅಷ್ಟರಲ್ಲಿ ಗೋಡೆ ಬಾಗಲು ಶುರುಮಾಡಿರುತ್ತದೆ.

ಹಾಗಾದರೆ ಬೀಳಲಿಲ್ಲವೇಕೆ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ಎಂಟು ಶತಮಾನಗಳು ಬೇಕಾದವು. 1670ರ ದಶಕದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಒಂದು ಸರಳ ಹೊಳಹನ್ನು ಕೊಟ್ಟ. ಸರಪಣಿಯ ಎರಡು ತುದಿ ಹಿಡಿದು ಜೋತುಬಿಡಿ. ಅದು ತಾನಾಗಿ ತಾಳುವ ಬಾಗನ್ನು ತಲೆಕೆಳಗು ಮಾಡಿದರೆ ನಿಲ್ಲಬಲ್ಲ ಕಮಾನಿನ ಆಕಾರ ಸಿಗುತ್ತದೆ. ಸರಪಣಿಯಲ್ಲಿ ಬರೀ ಎಳೆತ, ಕಮಾನಿನಲ್ಲಿ ಬರೀ ಒತ್ತಡ. ಕೇಂಬ್ರಿಜ್‌ನ ಎಂಜಿನಿಯರ್ ಜ್ಯಾಕ್ ಹೇಮನ್ 1966ರಲ್ಲಿ ಇದನ್ನು ಪೂರ್ಣ ಸಿದ್ಧಾಂತವಾಗಿ ಬೆಳೆಸಿದರು. ಕಲ್ಲಿನ ಕಟ್ಟಡಕ್ಕೆ ಎಳೆತ ತಡೆಯುವ ಶಕ್ತಿ ಇಲ್ಲವೆಂದೇ ಇಟ್ಟುಕೊಳ್ಳಿ. ಅದುಮಿ ಪುಡಿಯಾಗುವ ಭಯವೂ ಇಲ್ಲವೆಂದುಕೊಳ್ಳಿ, ಏಕೆಂದರೆ ಸಾಧಾರಣ ಕಲ್ಲನ್ನು ಸುಮಾರು ಎರಡು ಕಿಲೋಮೀಟರ್ ಎತ್ತರಕ್ಕೆ ಪೇರಿಸಿದರೆ ಮಾತ್ರ ಬುಡದ ಕಲ್ಲು ನುಗ್ಗಾದೀತು. ಕಲ್ಲಿನ ಮೇಲೆ ಕಲ್ಲು ಜಾರುವುದಿಲ್ಲವೆಂದೂ ಹಿಡಿಯಿರಿ. ಆಗ ಉಳಿಯುವುದು ಒಂದೇ ಪ್ರಶ್ನೆ: ತಲೆಕೆಳಗಾದ ಆ ಸರಪಣಿಯ ಗೆರೆಯನ್ನು ಕಲ್ಲಿನ ದಪ್ಪದೊಳಗೇ ಎಲ್ಲಾದರೂ ಎಳೆಯಲು ಸಾಧ್ಯವೇ? ಸಾಧ್ಯವಿದ್ದರೆ ಕಮಾನು ನಿಲ್ಲುತ್ತದೆ. ಅರ್ಧವೃತ್ತದ ಕಮಾನಾದರೆ ಕಲ್ಲಿನ ದಪ್ಪ ತ್ರಿಜ್ಯದ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚಿದ್ದರೆ ಸಾಕು.

ಗೋಡೆ ಹೊರಕ್ಕೆ ಸರಿದಾಗ ಕಮಾನು ಮೂರು ಕಡೆ ಬಿರುಕು ಬಿಡುತ್ತದೆ: ನೆತ್ತಿಯಲ್ಲಿ ಕೆಳಮೈಗೆ, ಎರಡೂ ಭುಜಗಳಲ್ಲಿ ಮೇಲ್ಮೈಗೆ. ಬಿರುಕು ಕಂಡರೆ ನಮಗೆ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಮೂರು ಬಿರುಕುಗಳು ಬಾಗಿಲ ಕೀಲುಗಳಂತೆ ಕೆಲಸ ಮಾಡುತ್ತವೆ. ಕಮಾನು ಕೀಲುಗಳಲ್ಲಿ ಮಡಚಿಕೊಂಡು, ನೆತ್ತಿಯನ್ನು ತುಸು ಇಳಿಸಿ, ಅಗಲವಾದ ಅಂತರಕ್ಕೆ ಹೊಂದಿಕೊಂಡು ನಿಂತುಬಿಡುತ್ತದೆ. ಇನ್ನೊಂದು ಕೀಲು ಬಿದ್ದರೆ ಮಾತ್ರ ಕುಸಿತ. ವೆಜ್ಲೇ ಶತಮಾನಗಳ ಕಾಲ ಬದುಕಿದ್ದು ಈ ಒಂದು ಕೀಲಿನ ಅಂತರದಲ್ಲಿ. ನಡುವೆ, ರೋಮನೆಸ್ಕ್‌ನ ನಂತರ ಬಂದ ಗಾಥಿಕ್ ಶೈಲಿಯ ಕಾಲದಲ್ಲಿ, ಹೊರಗಿನಿಂದ ಅರ್ಧಗಮಾನುಗಳನ್ನು ಆನಿಸಿ ಗೋಡೆಯನ್ನು ಒತ್ತಿಹಿಡಿದರು. ಅವೂ ಸರಿಯಾದ ಜಾಗಕ್ಕೆ ಸರಿಯಾದ ಬಲ ಕೊಡಲಿಲ್ಲ.

ಗೋಡೆಯ ಮಾತು ಸಾಕು, ಈಗ ಒಂದು ಕಂಬದ ಹತ್ತಿರ ಹೋಗೋಣ. ದಕ್ಷಿಣದ ಸಾಲಿನ ಕಂಬವೊಂದರ ಬೋದಿಗೆಯಲ್ಲಿ ಒಂದು ಬೀಸುವ ಯಂತ್ರ ಕೆತ್ತಿದೆ. ಒಬ್ಬಾತ ಬಾಗಿ, ಮೇಲಿನಿಂದ ಚೀಲದ ಕಾಳು ಸುರಿಯುತ್ತಿದ್ದಾನೆ. ಕೆಳಗೆ ಇನ್ನೊಬ್ಬ ಬರಿಗಾಲಿನಲ್ಲಿ ಕೂತಂತೆ ಬಾಗಿ, ಎರಡೂ ಕೈಯಲ್ಲಿ ಚೀಲದ ಬಾಯಿ ಅಗಲಿಸಿ ಹಿಟ್ಟು ತುಂಬಿಕೊಳ್ಳುತ್ತಿದ್ದಾನೆ. ನಡುವಿನ ಚಕ್ರದೊಳಗೆ ಶಿಲುಬೆ. ಕಾಳು ಸುರಿಯುವವನು ಬೈಬಲ್ಲಿನ ಪ್ರವಾದಿ ಮೋಶೆ, ಹಿಟ್ಟು ಪಡೆಯುವವನು ಪ್ರೇಷಿತ ಪೌಲ. ಹಳೆಯ ಒಡಂಬಡಿಕೆ ಕ್ರಿಸ್ತನೆಂಬ ಚಕ್ಕಿಯಲ್ಲಿ ಹೊಸದಾಗುತ್ತಿದೆ ಎಂಬುದು ಅರ್ಥ. ಅರ್ಥ ಗೊತ್ತಿಲ್ಲದಿದ್ದರೂ ಆ ಚೀಲದ ಮಡಿಕೆ ನೋಡಿ. ಹಿಟ್ಟಿನ ಗಿರಣಿಯ ಮುಂದೆ ಒಮ್ಮೆಯಾದರೂ ಚೀಲ ಹಿಡಿದು ನಿಂತವರಿಗೆ ಆ ಕೈಗಳ ಹಿಡಿತದ ಗುರುತು ಸಿಗುತ್ತದೆ. ಇಂಥ ಬೋದಿಗೆಗಳು ಇಲ್ಲಿ ನೂರರ ಹತ್ತಿರ ಇವೆ.

ಅವುಗಳಿಗಿಂತ ಹೆಸರಾದದ್ದು ಮುಖಮಂಟಪದಿಂದ ಹಜಾರಕ್ಕೆ ತೆರೆಯುವ ದೊಡ್ಡ ಬಾಗಿಲ ಮೇಲಿನ ಅರ್ಧವೃತ್ತದ ಶಿಲ್ಪ. ಸುಮಾರು 1130ರದು. ನಡುವೆ ಕ್ರಿಸ್ತ, ಅವನ ಬೆರಳ ತುದಿಗಳಿಂದ ಹೊರಟ ಕಿರಣಗಳು ಎರಡೂ ಬದಿಯ ಪ್ರೇಷಿತರ ತಲೆ ಮುಟ್ಟುತ್ತವೆ. ನಿಲುವಂಗಿಯ ನೆರಿಗೆಗಳು ಸೊಂಟದ ಬಳಿ, ಮೊಣಕಾಲ ಬಳಿ ನೀರಿನ ಸುಳಿಯಂತೆ ಸುತ್ತಿಕೊಂಡಿವೆ. ಸುತ್ತ ಲೋಕದ ಜನಾಂಗಗಳೆಲ್ಲ: ನಾಯಿತಲೆಯವರು, ಮೊರದಗಲ ಕಿವಿಯವರು, ಏಣಿ ಹಾಕಿ ಕುದುರೆ ಏರುವ ಕುಳ್ಳರು. ಅವರನ್ನು ಸುತ್ತುವರಿದ ಕಮಾನಿನಲ್ಲಿ ಹನ್ನೆರಡು ರಾಶಿಗಳು, ಆಯಾ ತಿಂಗಳ ಬೇಸಾಯದ ಕೆಲಸಗಳು. ಕಮಾನಿನ ನೆತ್ತಿಯಲ್ಲಿ, ಕಟಕ ಮತ್ತು ಸಿಂಹದ ನಡುವೆ, ಮೈಯನ್ನು ಬಳೆಯಂತೆ ಸುತ್ತಿಕೊಂಡ ಒಂದು ನಾಯಿ, ಒಬ್ಬ ದೊಂಬರವನು, ಒಬ್ಬಳು ಮತ್ಸ್ಯಕನ್ಯೆ. ವರ್ಷ ಮಗ್ಗುಲು ಬದಲಿಸುವ ಹೊತ್ತಿನ ಗುರುತು ಇವು ಎಂದು ಹಲವರು ಓದುತ್ತಾರೆ. ಬಾಗಿಲ ನಡುಗಂಬದಲ್ಲಿ ನಿಂತಿರುವುದು ಸ್ನಾನಿಕ ಯೋಹಾನ. ಅವನ ಹಬ್ಬ ಜೂನ್ 24, ಉತ್ತರಾಯಣದ ತುತ್ತತುದಿಯ ದಿನಗಳಲ್ಲಿ.

1976ರಲ್ಲಿ, ಅಲ್ಲಿದ್ದ ಫ್ರಾನ್ಸಿಸ್ಕನ್ ಸನ್ಯಾಸಿ ಹ್ಯೂಗ್ ದೆಲೋತ್ರ್ ಒಂದು ಸಂಗತಿ ಗಮನಿಸಿದರು. ಜೂನ್ ಅಯನದ ದಿನ, ಸೂರ್ಯ ನೇರ ದಕ್ಷಿಣಕ್ಕೆ ಬಂದಾಗ, ದಕ್ಷಿಣದ ಮೇಲ್ಕಿಟಕಿಗಳಿಂದ ಇಳಿದ ಬೆಳಕು ಹಜಾರದ ನೆಲದ ಮೇಲೆ ಸಾಲು ಬಿಲ್ಲೆಗಳಾಗಿ ಬೀಳುತ್ತದೆ. ಆ ಸಾಲು ಹಜಾರದ ನಟ್ಟನಡುವೆ, ಬಾಗಿಲಿನಿಂದ ಬಲಿಪೀಠದತ್ತ, ಯಾರೋ ಹೆಜ್ಜೆಗಲ್ಲು ಹಾಸಿದಂತೆ ಸಾಗುತ್ತದೆ.

ಇದರ ಲೆಕ್ಕ ನಾವೇ ಮಾಡಬಹುದು. ವೆಜ್ಲೇ ಇರುವುದು ಸುಮಾರು 47.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರಿನಲ್ಲಿ ಆ ದಿನದ ಮಧ್ಯಾಹ್ನ ಸೂರ್ಯ ನೆತ್ತಿಯನ್ನೂ ದಾಟಿ ತುಸು ಉತ್ತರಕ್ಕಿರುತ್ತಾನೆ, ದಕ್ಷಿಣದ ಕಿಟಕಿಯಲ್ಲಿ ಬಿಸಿಲೇ ಬೀಳದು. ಅಲ್ಲಿ ಮಾತ್ರ ಅವನು ದಕ್ಷಿಣದಲ್ಲೇ, ದಿಗಂತದಿಂದ 66 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ಕಿಟಕಿ ನೆಲದಿಂದ 13 ಮೀಟರ್ ಮೇಲಿದೆ ಎಂದುಕೊಂಡರೆ ಬೆಳಕು ಗೋಡೆಯಿಂದ 5.8 ಮೀಟರ್ ಆಚೆ ಬೀಳಬೇಕು. ಹಜಾರದ ಅರ್ಧ ಅಗಲವೂ ಆಸುಪಾಸು ಅಷ್ಟೇ. ಡಿಸೆಂಬರ್ ಅಯನದಲ್ಲಿ ಸೂರ್ಯ ಏರುವುದು 19 ಡಿಗ್ರಿ ಮಾತ್ರ. ಆಗ ಅದೇ ಕಿರಣ ನೆಲ ಮುಟ್ಟುವ ಮೊದಲೇ ಎದುರುಗೋಡೆಗೆ, ಸುಮಾರು 9 ಮೀಟರ್ ಎತ್ತರದಲ್ಲಿ ಬಡಿಯುತ್ತದೆ. ಉತ್ತರದ ಸಾಲಿನ ಮೇಲಿನ ಬೋದಿಗೆಗಳು ಬೆಳಗುತ್ತವೆ. ಜೂನ್ ಅಯನದಲ್ಲಿ ಸೂರ್ಯ ವರ್ಷದಲ್ಲೇ ಅತಿ ಎತ್ತರದಲ್ಲಿರುವುದರಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ವರ್ಷದ ಉಳಿದೆಲ್ಲ ಮಧ್ಯಾಹ್ನಗಳಲ್ಲೂ ಬೆಳಕಿನ ಸಾಲು ನಡುಗೆರೆಗಿಂತ ಉತ್ತರಕ್ಕೇ ಬೀಳುತ್ತದೆ. ದಿನದಿನವೂ ಇಷ್ಟಿಷ್ಟೇ ದಕ್ಷಿಣಕ್ಕೆ ಸರಿದು, ಅಯನದಂದು ನಡುಗೆರೆ ಮುಟ್ಟಿ, ಅಲ್ಲಿಂದ ಹಿಂದಿರುಗುತ್ತದೆ.

ಬೇಕೆಂದೇ ಹೀಗೆ ಕಟ್ಟಿದರೇ? ಕಟ್ಟಿದವರು ಬರೆದಿಟ್ಟಿಲ್ಲ. ಪೂರ್ವಕ್ಕೆ ಮುಖಮಾಡಿದ, ದಕ್ಷಿಣಕ್ಕೆ ಕಿಟಕಿಯಿರುವ ಯಾವ ಚರ್ಚಿನಲ್ಲಾದರೂ ಬೆಳಕು ಸಾಲಾಗಿಯೇ ಬೀಳುತ್ತದೆ, ಅದರಲ್ಲಿ ಪವಾಡವಿಲ್ಲ. ಸಾಲು ನಡುಗೆರೆಯ ಮೇಲೆ, ಅದೂ ಅಯನದ ದಿನವೇ ಬೀಳುವುದಕ್ಕೆ ಮಾತ್ರ ಎತ್ತರ ಮತ್ತು ಅಗಲಗಳ ಒಂದು ನಿರ್ದಿಷ್ಟ ಅನುಪಾತ ಬೇಕು. ಬಾಗಿಲಲ್ಲಿ ಯೋಹಾನನನ್ನೂ ಕಮಾನಿನಲ್ಲಿ ರಾಶಿಚಕ್ರವನ್ನೂ ನಿಲ್ಲಿಸಿದ ಜನಕ್ಕೆ ನೆರಳಿನ ಲೆಕ್ಕ ಅಪರಿಚಿತವಾಗಿರಲಿಲ್ಲ. ಇದು ಅವರ ಉದ್ದೇಶವೇ ಆಗಿತ್ತೆಂದು ನಂಬುವ ಕಡೆಗೆ ನನ್ನ ಮನಸ್ಸು ವಾಲುತ್ತದೆ.

ಚರ್ಚಿನ ವೈಭವದ ದಿನಗಳು ಹೆಚ್ಚು ಬಾಳಲಿಲ್ಲ. 1146ರ ಪಾಸ್ಖ ಹಬ್ಬದಂದು ಕ್ಲೇರ್ವೋದ ಮಠಾಧಿಪತಿ ಬರ್ನಾರ್ಡ್ ಇದೇ ಗುಡ್ಡದಲ್ಲಿ ಎರಡನೇ ಧರ್ಮಯುದ್ಧಕ್ಕೆ ಕರೆಕೊಟ್ಟ. 1190ರಲ್ಲಿ ಇಂಗ್ಲೆಂಡಿನ ದೊರೆ ರಿಚರ್ಡ್ ಮತ್ತು ಫ್ರಾನ್ಸಿನ ದೊರೆ ಫಿಲಿಪ್ ಮೂರನೆಯದಕ್ಕೆ ಹೊರಟದ್ದೂ ಇಲ್ಲಿ ಕಲೆತ ಮೇಲೆಯೇ. ಪೂರ್ವದ ಭಾಗ ಗಾಥಿಕ್ ಶೈಲಿಯಲ್ಲಿ ಮತ್ತೆ ಎದ್ದಿತು. 1279ರಲ್ಲಿ ದಕ್ಷಿಣ ಫ್ರಾನ್ಸಿನ ಸೇಂಟ್ ಮ್ಯಾಕ್ಸಿಮಿನ್‌ನಲ್ಲಿ ಮರಿಯಳ ನಿಜವಾದ ಅಸ್ಥಿಗಳು ಸಿಕ್ಕಿವೆಯೆಂಬ ಸುದ್ದಿ ಹಬ್ಬಿ ಯಾತ್ರಿಕರು ಅತ್ತ ತಿರುಗಿದರು. 1569ರಲ್ಲಿ ಪ್ರಾಟೆಸ್ಟೆಂಟರ ಲೂಟಿ, ಆಮೇಲೆ ಫ್ರೆಂಚ್ ಕ್ರಾಂತಿಯ ಹೊಡೆತ, 1819ರಲ್ಲಿ ಗೋಪುರಕ್ಕೆ ಸಿಡಿಲು.

1834ರಲ್ಲಿ ಸರ್ಕಾರದ ಸ್ಮಾರಕ ನಿರೀಕ್ಷಕನಾಗಿ ಬಂದವನು ಲೇಖಕ ಪ್ರಾಸ್ಪರ್ ಮೆರಿಮೆ, ಮುಂದೆ ‘ಕಾರ್ಮೆನ್’ ಬರೆದವನು. ಒಳಗೆ ಕೂತು ಚಿತ್ರ ಬರೆದುಕೊಳ್ಳುತ್ತಿದ್ದಾಗ ಛಾವಣಿಯಿಂದ ಸಣ್ಣ ಕಲ್ಲುಗಳು ಸುತ್ತ ಉದುರುವ ಸದ್ದು ಅವನಿಗೆ ಕೇಳುತ್ತಿತ್ತು. ಅವನ ವರದಿಗಳ ಫಲವಾಗಿ 1840ರಲ್ಲಿ ಕೆಲಸ ಒಬ್ಬ 26 ವರ್ಷದ ಹುಡುಗನ ಪಾಲಿಗೆ ಬಂತು. ಆತ ಯೂಜೀನ್ ವಿಯೊಲೆ-ಲ-ದ್ಯುಕ್, ಮುಂದೆ ಪ್ಯಾರಿಸ್ಸಿನ ನೋತ್ರ್ ದಾಮ್ ಜೀರ್ಣೋದ್ಧಾರದಿಂದ ಹೆಸರಾದವನು. ವಾಸ್ತುಶಿಲ್ಪದ ಶಾಲೆಗೆ ಹೋಗಿ ಕಲಿತವನಲ್ಲ. ಹಳೆಯ ಕಟ್ಟಡಗಳನ್ನು ಸುತ್ತಿ, ಅಳೆದು, ಬರೆದು ಕಲಿತವನು.

ಅವನ ಕೆಲಸದ ಕಷ್ಟ ಊಹಿಸಿ. ಕಮಾನು ಗೋಡೆಯನ್ನು ತಳ್ಳುತ್ತಿದೆ, ಗೋಡೆಯೇ ಕಮಾನನ್ನು ಹಿಡಿದಿದೆ. ಯಾವುದಕ್ಕೆ ಮೊದಲು ಕೈಹಾಕಿದರೂ ಇನ್ನೊಂದು ಬೀಳಬಹುದು. ಅವನು ಮೊದಲು ಛಾವಣಿಗೆ ಕೆಳಗಿನಿಂದ ಮರದ ಊರೆ ಕೊಟ್ಟ. ಹೊರಗಿನ ಅರ್ಧಗಮಾನುಗಳನ್ನು ತಳ್ಳು ಬರುವ ಜಾಗಕ್ಕೇ ಸರಿಯಾಗಿ ಆನುವಂತೆ ಹೊಸದಾಗಿ ಕಟ್ಟಿಸಿದ. ನೆತ್ತಿ ಇಳಿದಿದ್ದ ಅಡ್ಡಗಮಾನುಗಳನ್ನು ಬಿಚ್ಚಿ ಮತ್ತೆ ಕಟ್ಟಿಸಿದ. ಕೆಲಸ 1859ರವರೆಗೂ ನಡೆಯಿತು. ಅವನು ಮಾಡಿದ್ದೆಲ್ಲ ಸರಿಯೆಂದು ನಾನು ಹೇಳಲಾರೆ. ಹಜಾರದ ಪೂರ್ವದ ಕೊನೆಯಲ್ಲಿ ಗಾಥಿಕ್ ಕಾಲದವರು ಹಾಕಿದ್ದ ಛಾವಣಿಗಳಲ್ಲಿ ಕೆಲವನ್ನು ತೆಗೆದು ರೋಮನೆಸ್ಕ್ ಮಾಡಿದ್ದು, ಚರಿತ್ರೆಯ ಒಂದು ಪುಟವನ್ನು ಅಂದಕ್ಕಾಗಿ ಹರಿದಂತೆ. ಆದರೆ ಅವನಿಲ್ಲದಿದ್ದರೆ ಹರಿಯಲು ಪುಸ್ತಕವೇ ಉಳಿಯುತ್ತಿರಲಿಲ್ಲ. ಹೀಗೆ ಉಳಿದ ಚರ್ಚಿಗೆ ನಮ್ಮ ನಾಡಿನ ನಂಟೂ ಒಂದಿದೆ: ರಾಮಕೃಷ್ಣ, ವಿವೇಕಾನಂದ, ಗಾಂಧಿಯವರ ಬಗ್ಗೆ ಬರೆದು ನಮ್ಮವರಿಗೆ ಆಪ್ತರಾದ ಫ್ರೆಂಚ್ ಲೇಖಕ ರೊಮೇನ್ ರೋಲಾ ತಮ್ಮ ಕೊನೆಯ ವರ್ಷಗಳನ್ನು ಈ ಚರ್ಚಿನ ಬೀದಿಯಲ್ಲೇ ಕಳೆದು 1944ರ ಡಿಸೆಂಬರಿನಲ್ಲಿ ತೀರಿಕೊಂಡರು. 1979ರಲ್ಲಿ ಯುನೆಸ್ಕೊ ಚರ್ಚನ್ನೂ ಗುಡ್ಡವನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ವಾಲಿದ ಗೋಡೆಗಳನ್ನು ವಿಯೊಲೆ-ಲ-ದ್ಯುಕ್ ನೆಟ್ಟಗೆ ಮಾಡಲಿಲ್ಲ, ಇದ್ದಲ್ಲೇ ನಿಲ್ಲಿಸಿದ. ಹೀಗಾಗಿ ಜೂನ್ ಅಯನದ ಬೆಳಕಿನ ಸಾಲು ಇಂದು 1130ರಲ್ಲಿ ಬೀಳುತ್ತಿದ್ದ ಜಾಗದಲ್ಲೇ ಬೀಳುತ್ತಿಲ್ಲ. ದಕ್ಷಿಣದ ಗೋಡೆ ಕಿಟಕಿಯ ಮಟ್ಟದಲ್ಲಿ ಎಷ್ಟು ಹೊರಕ್ಕೆ ಹೋಗಿದೆಯೋ ಅಷ್ಟೇ ಬೆಳಕೂ ದಕ್ಷಿಣಕ್ಕೆ ಸರಿದಿರುತ್ತದೆ. ಇದೇ ಒಂಬತ್ತು ಶತಮಾನಗಳಲ್ಲಿ ಭೂಮಿಯ ಅಕ್ಷದ ವಾಲಿಕೆ ಸುಮಾರು 0.12 ಡಿಗ್ರಿ ಕಡಿಮೆಯಾಗಿ, ಮಧ್ಯಾಹ್ನದ ಸೂರ್ಯ ಅಷ್ಟೇ ತಗ್ಗಿದ್ದಾನೆ. 13 ಮೀಟರ್ ಎತ್ತರದ ಕಿಟಕಿಯಿಂದ ಇಳಿಯುವ ಕಿರಣವನ್ನು ಅದು ಮೂರು ಸೆಂಟಿಮೀಟರಿನಷ್ಟು ಉತ್ತರಕ್ಕೆ ಎಳೆದಿದೆ.